ವಿದೇಶದ ವಿಮಾನ ನಿಲ್ದಾಣದಲ್ಲಿ ಗ್ರೌಂಡ್ ಸ್ಟಾಫ್ ಕೆಲಸ: ಖಾಲಿ ಹುದ್ದೆಗಿಂತ ಮೊದಲು ವೀಸಾ ನೋಡಿ

ಪ್ರಶ್ನೆ: ನಾನು ಯಲಹಂಕದವನು. ಬಿ.ಕಾಂ. ಮುಗಿಸಿ, ಏರ್‌ಪೋರ್ಟ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡಿ, ಈಗ ಒಂದೂವರೆ ವರ್ಷದಿಂದ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ (ವಿಮಾನಯಾನ ಸಂಸ್ಥೆಗಳ ಪರವಾಗಿ ನೆಲದ ಮೇಲಿನ ಕೆಲಸ ಮಾಡುವ) ಕಂಪನಿಯೊಂದರ ಚೆಕ್-ಇನ್ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಕೆನಡಾದ ವಿಮಾನ ನಿಲ್ದಾಣದಲ್ಲಿ ಇದೇ ಕೆಲಸ ಕೊಡಿಸುವುದಾಗಿ ಏಜೆಂಟ್ ಒಬ್ಬರು 4 ಲಕ್ಷ ರೂಪಾಯಿ ಕೇಳಿದ್ದಾರೆ. 40,000 ಮುಂಗಡ ಕೊಟ್ಟಿದ್ದೇನೆ. ಉಳಿದದ್ದಕ್ಕೆ ತಂದೆಯವರು ಸೈಟಿನ ಮೇಲೆ ಸಾಲ ತೆಗೆಯಲು ಸಿದ್ಧರಿದ್ದಾರೆ. ನಮ್ಮ ಚಿಕ್ಕಪ್ಪನ ಮಗ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ, ರ‍್ಯಾಂಪಿನಲ್ಲಿ (ವಿಮಾನಗಳು ನಿಲ್ಲುವ ಅಂಗಳದಲ್ಲಿ) ಲೋಡರ್ ಆಗಿದ್ದಾನೆ; ಅವನೂ ಬರುತ್ತೇನೆ ಎನ್ನುತ್ತಾನೆ. ಯಾವ ದೇಶಕ್ಕೆ ಪ್ರಯತ್ನಿಸಬೇಕು? ಇನ್ನೊಂದು ಕೋರ್ಸ್ ಮಾಡಿದರೆ ಅನುಕೂಲವಾಗುತ್ತದೆಯೇ?

ಉತ್ತರ: ಮೊದಲಿಗೆ, ಸೈಟಿನ ಪತ್ರಗಳು ಮನೆಯಲ್ಲೇ ಇರಲಿ ಎಂದು ತಂದೆಯವರಿಗೆ ಹೇಳಿ. ಏಜೆಂಟರಿಗೆ ಇನ್ನು ಒಂದು ರೂಪಾಯಿಯನ್ನೂ ಕೊಡಬೇಡಿ. ಕಾರಣಗಳನ್ನು ವಿವರವಾಗಿ ಬರೆಯುತ್ತೇನೆ. ಅವು ಆ ಏಜೆಂಟರ ಪ್ರಾಮಾಣಿಕತೆಯ ಪ್ರಶ್ನೆಗೆ ಸೀಮಿತವಾದವಲ್ಲ, ನೀವು ಆರಿಸಿಕೊಂಡ ದೇಶಕ್ಕೂ ಸಂಬಂಧಿಸಿದವು.

ಈ ಕೆಲಸ ಹುಡುಕುವವರಲ್ಲಿ ಹೆಚ್ಚಿನವರು ಖಾಲಿ ಹುದ್ದೆಗಳ ಜಾಹೀರಾತಿನಿಂದ ಆರಂಭಿಸುತ್ತಾರೆ. ಟೊರಾಂಟೊದಲ್ಲಿ, ಲಂಡನ್ನಿನಲ್ಲಿ, ಫ್ರಾಂಕ್‌ಫರ್ಟಿನಲ್ಲಿ ಗ್ರೌಂಡ್ ಸ್ಟಾಫ್ ಬೇಕಾಗಿದ್ದಾರೆ ಎಂಬುದು ಸುಳ್ಳಲ್ಲ. ಪಾಳಿ, ಚಳಿ, ಭಾರ ಎತ್ತುವುದು, ಕಡಿಮೆ ಸಂಬಳ ಇವೆಲ್ಲ ಸೇರಿ ಈ ವೃತ್ತಿಯಲ್ಲಿ ಜನ ನಿಲ್ಲುವುದು ಎಲ್ಲ ಕಡೆಯೂ ಕಷ್ಟ. ಆದರೆ ಹೊರದೇಶದ ಅಭ್ಯರ್ಥಿಯೊಬ್ಬ ಆ ಹುದ್ದೆಗೆ ಸೇರಬೇಕಾದರೆ ಎರಡು ಅನುಮತಿಗಳು ಬೇಕು. ಒಂದು, ಆ ದೇಶದಲ್ಲಿ ದುಡಿಯುವ ಪರವಾನಗಿ. ಇನ್ನೊಂದು, ಆ ವಿಮಾನ ನಿಲ್ದಾಣದ ಭದ್ರತಾ ಪಾಸು; ಇಲ್ಲಿ ನಿಮ್ಮ ಕೊರಳಲ್ಲಿರುವ ಏರ್‌ಪೋರ್ಟ್ ಎಂಟ್ರಿ ಪಾಸಿನಂಥದ್ದು. ಗ್ರೌಂಡ್ ಕೆಲಸಕ್ಕೆಂದು ಪರವಾನಗಿ ಕೊಡುವ ದೇಶಗಳು ಕೆಲವೇ ಇವೆ. ಆದ್ದರಿಂದ ಹುಡುಕಾಟ ವೀಸಾ ವರ್ಗದಿಂದ ಆರಂಭವಾಗಬೇಕು. ಜಾಹೀರಾತು ನೋಡುವುದು ಆಮೇಲಿನ ಮಾತು.

ಕೆನಡಾವನ್ನೇ ತೆಗೆದುಕೊಳ್ಳಿ. ಅಲ್ಲಿನ ಕಂಪನಿಯೊಂದು ಹೊರಗಿನವರನ್ನು ಕರೆಸಬೇಕಾದರೆ ಸಾಮಾನ್ಯವಾಗಿ ಎಲ್‌ಎಂಐಎ ಎಂಬ ಅನುಮತಿಯನ್ನು ಸರ್ಕಾರದಿಂದ ಪಡೆಯಬೇಕು. ಸ್ಥಳೀಯರು ಸಿಗಲಿಲ್ಲವೆಂದು ಅದಕ್ಕೆ ಪುರಾವೆ ಕೊಡಬೇಕು. ಅರ್ಜಿಯ ಶುಲ್ಕ 1,000 ಕೆನಡಿಯನ್ ಡಾಲರ್. ಅದನ್ನು ಕಂಪನಿಯೇ ಕಟ್ಟಬೇಕು, ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. 2024ರ ಸೆಪ್ಟೆಂಬರ್ ಕೊನೆಯಿಂದ, ನಿರುದ್ಯೋಗ ಶೇ. 6 ಅಥವಾ ಅದಕ್ಕಿಂತ ಹೆಚ್ಚಿರುವ ಮಹಾನಗರ ವಲಯಗಳಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕಡಿಮೆ ಸಂಬಳದ ಹುದ್ದೆಗಳಿಗೆ ಈ ಅರ್ಜಿಗಳನ್ನು ಪರಿಶೀಲನೆಗೇ ತೆಗೆದುಕೊಳ್ಳುತ್ತಿಲ್ಲ. ದೊಡ್ಡ ವಿಮಾನ ನಿಲ್ದಾಣಗಳಿರುವುದೋ ಟೊರಾಂಟೊದಂಥ ಮಹಾನಗರಗಳಲ್ಲೇ. ಇದೆಲ್ಲ ದಾಟಿದರೂ ನಿರ್ಬಂಧಿತ ಪ್ರದೇಶದ ಪಾಸಿಗಾಗಿ ಟ್ರಾನ್ಸ್‌ಪೋರ್ಟ್ ಕೆನಡಾದ (ಅಲ್ಲಿನ ಸಾರಿಗೆ ಇಲಾಖೆಯ) ಭದ್ರತಾ ಪರಿಶೀಲನೆ ಇದೆ, ಅದಕ್ಕೆ ಹಿಂದಿನ ಐದು ವರ್ಷಗಳ ವಿಳಾಸ, ಓದು, ಉದ್ಯೋಗಗಳ ಪರಿಶೀಲಿಸಬಹುದಾದ ವಿವರ ಬೇಕು. ಅಲ್ಲಿ ಕೌಂಟರುಗಳಲ್ಲಿ ಕಾಣುವ ನಮ್ಮವರು ಬಹುಪಾಲು ವಿದ್ಯಾರ್ಥಿಗಳಾಗಿಯೋ, ಕಾಯಂ ನಿವಾಸಿಗಳಾಗಿಯೋ ಹೋಗಿ, ದುಡಿಯುವ ಹಕ್ಕು ಮೊದಲೇ ಕೈಯಲ್ಲಿದ್ದು, ಆಮೇಲೆ ಆ ಕೆಲಸಕ್ಕೆ ಸೇರಿದವರು. ನಿಮ್ಮ ಏಜೆಂಟರು ನಿಮಗೆ ತೋರಿಸಿದ ಫೋಟೊಗಳಲ್ಲಿರುವವರೂ ಅಂಥವರೇ ಇರಬೇಕು.

ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ 2025ರ ಜುಲೈ 22ರಿಂದ ಹುದ್ದೆಯೇ ಪದವಿ ಮಟ್ಟದ್ದಾಗಿರಬೇಕು, ಸಾಮಾನ್ಯ ವೇತನದ ಮಿತಿ ವರ್ಷಕ್ಕೆ 41,700 ಪೌಂಡ್. ನಿಮಗೆ ಪದವಿ ಇದೆ, ಆದರೆ ಅವರು ಅಳೆಯುವುದು ಹುದ್ದೆಯ ಮಟ್ಟವನ್ನು, ನಿಮ್ಮ ಓದನ್ನಲ್ಲ; ಚೆಕ್-ಇನ್ ಆಗಲಿ ಲೋಡಿಂಗ್ ಆಗಲಿ ಆ ಮಟ್ಟದ ಹುದ್ದೆಗಳ ಪಟ್ಟಿಯಲ್ಲಿ ಬರುವುದಿಲ್ಲ. ಅಮೆರಿಕದಲ್ಲಿ ಕಾಯಂ ಗ್ರೌಂಡ್ ಕೆಲಸಕ್ಕೆ ನೇರವಾಗಿ ಹೊಂದುವ ತಾತ್ಕಾಲಿಕ ಉದ್ಯೋಗ ವೀಸಾ ವರ್ಗವೇ ಇಲ್ಲವೆನ್ನಬೇಕು. ಸಿಂಗಾಪುರದ ಎಸ್ ಪಾಸ್ ಎಂಬ ಮಧ್ಯಮ ಕೌಶಲದ ಕೆಲಸದ ಪರವಾನಗಿಗೆ 2025ರ ಸೆಪ್ಟೆಂಬರಿನಿಂದ ಕನಿಷ್ಠ ವೇತನ ತಿಂಗಳಿಗೆ 3,300 ಸಿಂಗಾಪುರ್ ಡಾಲರ್, ವಯಸ್ಸಿನೊಂದಿಗೆ ಅದು ಏರುತ್ತದೆ, ಜೊತೆಗೆ ಕಂಪನಿಗೆ ವಿದೇಶಿಯರ ಕೋಟಾ ಬೇರೆ. ಆರಂಭದ ಹುದ್ದೆಗೆ ಅಷ್ಟು ಕೊಟ್ಟು ಕರೆಸುವವರು ವಿರಳ.

ಯುರೋಪಿನ ಬಗ್ಗೆ ಕೇಳುವವರಿಗೆ ನಾನು 2022ರ ಬೇಸಿಗೆಯ ಜರ್ಮನಿಯನ್ನು ನೆನಪಿಸುತ್ತೇನೆ. ಕೋವಿಡ್ ನಂತರ ಪ್ರಯಾಣ ಒಮ್ಮೆಗೇ ಏರಿ, ಬ್ಯಾಗುಗಳು ಬೆಟ್ಟದಂತೆ ಬಿದ್ದಿದ್ದಾಗ, ಟರ್ಕಿಯಿಂದ ಸುಮಾರು 2,000 ಅನುಭವಿ ಕೆಲಸಗಾರರನ್ನು ತಾತ್ಕಾಲಿಕವಾಗಿ ಕರೆಸುವ ಯೋಜನೆಗೆ ಅಲ್ಲಿನ ಸರ್ಕಾರವೇ ಒಪ್ಪಿಗೆ ಕೊಟ್ಟಿತ್ತು. ಕೊನೆಗೆ ಬಂದವರು ಅದರ ಒಂದು ಸಣ್ಣ ಪಾಲು. ಹಿನ್ನೆಲೆ ಪರಿಶೀಲನೆ ಮುಗಿದು ಪಾಸು ಕೈಗೆ ಬರುವ ಹೊತ್ತಿಗೆ ಬೇಸಿಗೆಯ ದಟ್ಟಣೆಯೇ ಇಳಿಯುವಂತಿತ್ತು. ಸರ್ಕಾರ ಬೇಕೆಂದಾಗಲೇ ಹೀಗಾದರೆ, ಒಬ್ಬೊಂಟಿ ಅರ್ಜಿದಾರನ ಪಾಡನ್ನು ಊಹಿಸಿಕೊಳ್ಳಿ.

ಇಷ್ಟಾದ ಮೇಲೆ ನಿಜವಾಗಿ ತೆರೆದಿರುವ ಬಾಗಿಲು ನನ್ನ ಲೆಕ್ಕದಲ್ಲಿ ಎರಡು: ಕೊಲ್ಲಿ ದೇಶಗಳು ಮತ್ತು ಜಪಾನ್.

ಕೊಲ್ಲಿಯಲ್ಲಿ ಪರವಾನಗಿಯನ್ನು ಕಂಪನಿಯೇ ಮಾಡಿಸುವುದರಿಂದ ಆರಂಭದ ಹುದ್ದೆಗಳಿಗೂ ಹೊರಗಿನವರನ್ನು ತೆಗೆದುಕೊಳ್ಳುವ ಪದ್ಧತಿ ಹಳೆಯದು. ದುಬೈಯಲ್ಲಿ 1959ರಿಂದ ಇರುವ, ಎಮಿರೇಟ್ಸ್ ಸಮೂಹಕ್ಕೆ ಸೇರಿದ ಡ್ನಾಟಾ, ದೋಹಾದ ಹಮದ್ ವಿಮಾನ ನಿಲ್ದಾಣದಲ್ಲಿ ಕತಾರ್ ಏವಿಯೇಷನ್ ಸರ್ವೀಸಸ್, ಬಹರೇನಿನಲ್ಲಿ ಬಹರೇನ್ ಏರ್‌ಪೋರ್ಟ್ ಸರ್ವೀಸಸ್, ಸೌದಿಯಲ್ಲಿ ಸೌದಿ ಗ್ರೌಂಡ್ ಸರ್ವೀಸಸ್ ಇವು ಮುಖ್ಯ ಹೆಸರುಗಳು. ಇವುಗಳ ಸ್ವಂತ ಜಾಲತಾಣದ ಉದ್ಯೋಗ ಪುಟದಲ್ಲಿ ನೀವೇ ಅರ್ಜಿ ಹಾಕಬಹುದು, ಅದಕ್ಕೆ ಶುಲ್ಕವಿಲ್ಲ. ಆದರೆ ಎಲ್ಲ ಹುದ್ದೆಗಳೂ ಎಲ್ಲರಿಗೂ ತೆರೆದಿರುವುದಿಲ್ಲ. ಸೌದಿ ಮತ್ತು ಒಮಾನ್ ತಮ್ಮ ಪ್ರಜೆಗಳಿಗೆ ಮೀಸಲಿಡುವ ನೀತಿಯನ್ನು ಬಿಗಿಯಾಗಿ ನಡೆಸುತ್ತವೆ, ಕೌಂಟರಿನಂಥ ಮುಂದಿನ ಸಾಲಿನ ಕೆಲಸಗಳು ಮೊದಲು ಸ್ಥಳೀಯರ ಪಾಲಾಗುತ್ತವೆ. ರ‍್ಯಾಂಪ್, ಕಾರ್ಗೊ, ಉಪಕರಣ ಚಾಲನೆ ಇವುಗಳಲ್ಲಿ ಹೊರಗಿನವರಿಗೆ ಜಾಗ ಹೆಚ್ಚು. ಕೌಂಟರಿನ ಕೆಲಸವೇ ಬೇಕೆಂದರೆ ನಿಮ್ಮ ದೃಷ್ಟಿ ದುಬೈ ಮತ್ತು ದೋಹಾ ಕಡೆಗೆ ಇರಲಿ.

ಆಫರ್ ಪತ್ರ ಬಂದರೆ ಒಟ್ಟು ಸಂಬಳದ ಅಂಕಿ ನೋಡಿ ಸಂತೋಷಪಡುವ ಮೊದಲು ಮೂಲ ವೇತನ ಎಷ್ಟೆಂದು ನೋಡಿ. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಯಿಟಿಯನ್ನು ಮೂಲ ವೇತನದ ಮೇಲೆ ಲೆಕ್ಕ ಹಾಕುತ್ತಾರೆ: ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷಗಳವರೆಗೆ ವರ್ಷಕ್ಕೆ 21 ದಿನಗಳ ಮೂಲ ವೇತನ. ಮೂಲ ವೇತನವನ್ನು ಸಣ್ಣದಾಗಿಸಿ ಭತ್ಯೆಗಳನ್ನು ದೊಡ್ಡದಾಗಿ ತೋರಿಸಿದ ಪತ್ರದಿಂದ ಐದು ವರ್ಷದ ಕೊನೆಗೆ ನಿಮಗಾಗುವ ನಷ್ಟ ಚಿಕ್ಕದಲ್ಲ. ವಸತಿ ಕಂಪನಿಯದೇ, ಒಂದು ಕೋಣೆಗೆ ಎಷ್ಟು ಜನ, ರಾತ್ರಿ ಪಾಳಿಗೆ ವಾಹನ ಇದೆಯೇ, ವರ್ಷಕ್ಕೊಮ್ಮೆ ಊರಿನ ಟಿಕೆಟ್ ಕೊಡುತ್ತಾರೆಯೇ, ಪ್ರೊಬೇಷನ್ ಎಷ್ಟು ತಿಂಗಳು (ಅಲ್ಲಿನ ಕಾನೂನಿನಂತೆ ಆರಕ್ಕಿಂತ ಹೆಚ್ಚಿರುವಂತಿಲ್ಲ) ಎಂಬುದನ್ನು ಲಿಖಿತವಾಗಿ ಕೇಳಿ. ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ನೇರವಾಗಿಯೋ ಸುತ್ತಿಬಳಸಿಯೋ ವಸೂಲು ಮಾಡುವುದನ್ನು ಯುಎಇಯ 2021ರ ಕಾರ್ಮಿಕ ಕಾನೂನು ನಿಷೇಧಿಸಿದೆ. ಭೇಟಿ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳೋಣ ಎಂದು ಯಾರಾದರೂ ಹೇಳಿದರೆ ಹೊರಡಬೇಡಿ. ಭೇಟಿ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ, ಮತ್ತು ವಿಮಾನ ನಿಲ್ದಾಣದ ಪಾಸು ಅಂಥವರಿಗೆ ಸಿಗುವ ಪ್ರಶ್ನೆಯೇ ಇಲ್ಲ.

ಕತಾರಿನ ವ್ಯವಸ್ಥೆ ಸ್ವಲ್ಪ ಬೇರೆ. ವೈದ್ಯಕೀಯ ಪರೀಕ್ಷೆ, ಬೆರಳಚ್ಚು, ಕರಾರಿಗೆ ಸಹಿ ಮೂರೂ ಹೊರಡುವ ಮೊದಲೇ ಭಾರತದಲ್ಲಿರುವ ಕತಾರ್ ವೀಸಾ ಕೇಂದ್ರದಲ್ಲಿ ನಡೆಯುತ್ತವೆ. ಬೆಂಗಳೂರಿನವರು ಸಾಮಾನ್ಯವಾಗಿ ಚೆನ್ನೈಗೋ ಹೈದರಾಬಾದಿಗೋ ಹೋಗಿ ಬರುತ್ತಾರೆ. ಆಫರ್ ಪತ್ರದಲ್ಲಿದ್ದ ಸಂಬಳವೇ ಆ ಕರಾರಿನಲ್ಲೂ ಇದೆಯೇ ಎಂದು ಅಲ್ಲೇ ಹೋಲಿಸಿ ನೋಡಿ, ಕಡಿಮೆಯಿದ್ದರೆ ಸಹಿ ಹಾಕದೆ ಎದ್ದು ಬನ್ನಿ. 2021ರಿಂದ ಕತಾರಿನಲ್ಲಿ ಕನಿಷ್ಠ ಮೂಲ ವೇತನ ತಿಂಗಳಿಗೆ 1,000 ರಿಯಾಲ್. ವಸತಿ, ಊಟಗಳನ್ನು ಕಂಪನಿ ಕೊಡದಿದ್ದರೆ ಅವಕ್ಕೆ 500 ಮತ್ತು 300 ರಿಯಾಲ್ ಬೇರೆ ಸೇರಬೇಕು.

ಜಪಾನಿನ ದಾರಿಯ ಬಗ್ಗೆ ದೇವನಹಳ್ಳಿಯಲ್ಲಿ ಮಾತಾಡುವವರೇ ಕಡಿಮೆ, ಏಕೆಂದರೆ ಅದರಲ್ಲಿ ಏಜೆಂಟರಿಗೆ ತಕ್ಷಣ ಕಾಸು ಹುಟ್ಟುವುದಿಲ್ಲ, ಅಭ್ಯರ್ಥಿಯೂ ವರ್ಷಗಟ್ಟಲೆ ಓದಬೇಕು. 2019ರ ಏಪ್ರಿಲಿನಲ್ಲಿ ಜಪಾನ್ ನಿರ್ದಿಷ್ಟ ಕೌಶಲದ ಕೆಲಸಗಾರರಿಗೆಂದು ಟೊಕುತೆಯ್ ಗಿನೊ ಎಂಬ ವೀಸಾ ವರ್ಗವನ್ನು ತಂದಿತು. ಅದರಲ್ಲಿ ವಿಮಾನಯಾನವೂ ಒಂದು ಕ್ಷೇತ್ರ, ಆ ಕ್ಷೇತ್ರದೊಳಗೆ ಏರ್‌ಪೋರ್ಟ್ ಗ್ರೌಂಡ್ ಹ್ಯಾಂಡ್ಲಿಂಗ್ ಎಂದು ಹೆಸರು ಹಿಡಿದೇ ಬರೆದಿದ್ದಾರೆ. ಈ ವ್ಯವಸ್ಥೆಗಾಗಿ ಭಾರತ ಮತ್ತು ಜಪಾನ್ 2021ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡಿವೆ. ಬೇಕಾದದ್ದು ಎರಡು ಪರೀಕ್ಷೆ: ಗ್ರೌಂಡ್ ಹ್ಯಾಂಡ್ಲಿಂಗ್ ಕೌಶಲ ಪರೀಕ್ಷೆ, ಮತ್ತು ಜಪಾನಿ ಭಾಷೆಯಲ್ಲಿ ಜೆಎಲ್‌ಪಿಟಿ ಎನ್4 ಮಟ್ಟ ಅಥವಾ ಜೆಎಫ್‌ಟಿ ಬೇಸಿಕ್. ಪದವಿ ಬೇಕಿಲ್ಲ. ಕಂಪನಿ ನಿಮ್ಮನ್ನು ನೇರವಾಗಿ ನೇಮಿಸಿಕೊಳ್ಳಬೇಕು, ಮ್ಯಾನ್‌ಪವರ್ ಗುತ್ತಿಗೆದಾರನ ಮೂಲಕ ಅಲ್ಲ; ಅದೇ ಕೆಲಸ ಮಾಡುವ ಜಪಾನಿಯರಿಗೆ ಸಮನಾದ ಸಂಬಳ ಕೊಡಬೇಕು. ಮೊದಲ ಹಂತದಲ್ಲಿ ಒಟ್ಟು ಐದು ವರ್ಷ ಇರಬಹುದು, ಕುಟುಂಬವನ್ನು ಕರೆದೊಯ್ಯುವಂತಿಲ್ಲ. 2023ರಲ್ಲಿ ಎರಡನೆಯ ಹಂತವನ್ನು ವಿಮಾನಯಾನಕ್ಕೂ ವಿಸ್ತರಿಸಿದ್ದರಿಂದ, ಅದರಲ್ಲಿ ತೇರ್ಗಡೆಯಾದವರು ಮುಂದುವರಿಯಬಹುದು, ಹೆಂಡತಿ ಮಕ್ಕಳನ್ನೂ ಕರೆಸಿಕೊಳ್ಳಬಹುದು.

ಒಂದು ಎಚ್ಚರಿಕೆ ಇದೆ. ಈ ವೀಸಾದಲ್ಲಿ ಹೇಳಿರುವ ಕೆಲಸ ಮುಖ್ಯವಾಗಿ ರ‍್ಯಾಂಪಿನದು: ವಿಮಾನಕ್ಕೆ ದಾರಿ ತೋರಿಸುವುದು, ಎಳೆಯುವುದು, ಬ್ಯಾಗ್ ಮತ್ತು ಕಾರ್ಗೊ ತುಂಬುವುದು, ಕ್ಯಾಬಿನ್ ಸ್ವಚ್ಛತೆ. ಟೈ ಕಟ್ಟಿ ಕೌಂಟರಿನಲ್ಲಿ ನಿಲ್ಲುವ ನಿಮಗಿಂತ ನಿಮ್ಮ ಚಿಕ್ಕಪ್ಪನ ಮಗನಿಗೆ ಇದು ಹೆಚ್ಚು ಹೊಂದುತ್ತದೆ ಎಂದು ನನಗನ್ನಿಸುತ್ತದೆ. ಎಸ್ಸೆಸ್ಸೆಲ್ಸಿ ಆಗಿಲ್ಲವೆಂಬುದು ಪರೀಕ್ಷೆಗೆ ಅಡ್ಡಿಯಲ್ಲ, ಆದರೆ ಭಾಷೆ ಕಲಿಯುವ ಹಟ ಬೇಕು. ಕನ್ನಡದವರಿಗೆ ಜಪಾನಿಯ ವಾಕ್ಯರಚನೆ ಅಷ್ಟೇನೂ ಪರಕೀಯವಲ್ಲ, ಕ್ರಿಯಾಪದ ಕೊನೆಗೇ ಬರುತ್ತದೆ. ಕಾಂಜಿ ಲಿಪಿಯೇ ಬೆವರಿಳಿಸುವುದು. ಜೆಎಲ್‌ಪಿಟಿ ಪರೀಕ್ಷೆಗೆ ಬೆಂಗಳೂರಿನಲ್ಲೇ ಕೇಂದ್ರವಿದೆ.

ಇನ್ನು ಕೋರ್ಸಿನ ವಿಷಯ. ಇನ್ನೊಂದು ಡಿಪ್ಲೊಮಾಕ್ಕೆ ಹಣ ಹಾಕಬೇಡಿ. ಗ್ರೌಂಡ್ ಹ್ಯಾಂಡ್ಲಿಂಗ್‌ನಲ್ಲಿ ಹೊಸ ಕಂಪನಿ ತನ್ನ ತರಬೇತಿಯನ್ನು ತಾನೇ ಕೊಡುತ್ತದೆ. ಅಪಾಯಕಾರಿ ಸರಕುಗಳ ತರಬೇತಿಯಂಥದ್ದನ್ನು 24 ತಿಂಗಳಿಗೊಮ್ಮೆ ಎಲ್ಲರೂ ಮತ್ತೆ ಮಾಡಲೇಬೇಕು, ನೀವು ಸ್ವಂತ ದುಡ್ಡಿನಲ್ಲಿ ಮಾಡಿಟ್ಟುಕೊಂಡದ್ದು ಸಂದರ್ಶನಕ್ಕೆ ಹೋಗುವ ಹೊತ್ತಿಗೆ ಅವಧಿ ಮುಗಿದಿರಬಹುದು. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಎಂದು ಬಸ್ಸಿನ ಹಿಂದೆ ಬರೆಸುವ ಸಂಸ್ಥೆಗಳ ಬಗ್ಗೆ ನನಗೆ ಮೊದಲಿನಿಂದಲೂ ಗೌರವ ಕಡಿಮೆ.

ವಿದೇಶಿ ಕಂಪನಿ ನೋಡುವುದು ನೀವು ಕೌಂಟರಿನಲ್ಲಿ ಏನು ಮಾಡಬಲ್ಲಿರಿ ಎಂಬುದನ್ನು. ಭಾರತೀಯ ಪಾಸ್‌ಪೋರ್ಟಿನ ಇಬ್ಬರು ಪ್ರಯಾಣಿಕರು ನಿಮ್ಮೆದುರು ನಿಂತಿದ್ದಾರೆ ಎಂದುಕೊಳ್ಳಿ. ಇಬ್ಬರೂ ಲಂಡನ್ನಿನಲ್ಲಿ ವಿಮಾನ ಬದಲಿಸುತ್ತಾರೆ, ಒಬ್ಬರು ಟೊರಾಂಟೊಗೆ, ಇನ್ನೊಬ್ಬರು ಬ್ರೆಜಿಲ್‌ಗೆ. ಮೊದಲನೆಯವರ ಕೈಯಲ್ಲಿ ಚಾಲ್ತಿಯಲ್ಲಿರುವ ಕೆನಡಾ ವೀಸಾ ಇರುವುದರಿಂದ ಬ್ರಿಟನ್ನಿನ ಟ್ರಾನ್ಸಿಟ್ ವೀಸಾದಿಂದ ವಿನಾಯಿತಿ ಸಿಗುತ್ತದೆ. ಬ್ರೆಜಿಲ್ ವೀಸಾ ಮಾತ್ರ ಇರುವ ಎರಡನೆಯವರಿಗೆ ಟ್ರಾನ್ಸಿಟ್ ವೀಸಾ ಬೇಕು. ಟಿಮ್ಯಾಟಿಕ್ (ದೇಶವಾರು ವೀಸಾ ನಿಯಮಗಳ ದತ್ತಾಂಶ) ತೆರೆದು, ಹಿಂದೆ ಸಾಲು ಬೆಳೆಯುತ್ತಿರುವಾಗಲೂ ಅದನ್ನು ಸರಿಯಾಗಿ ಓದಿ, ಬೋರ್ಡಿಂಗ್ ಪಾಸ್ ನಿರಾಕರಿಸಬೇಕಾದವರಿಗೆ ಸಮಾಧಾನದಿಂದ ವಿವರಿಸುವವನೇ ಒಳ್ಳೆಯ ಕೌಂಟರ್ ಸಿಬ್ಬಂದಿ. ತಪ್ಪಿದರೆ ದಂಡವೂ, ಪ್ರಯಾಣಿಕನನ್ನು ವಾಪಸು ತರುವ ಖರ್ಚೂ ವಿಮಾನಯಾನ ಸಂಸ್ಥೆಯ ತಲೆಗೆ ಬರುತ್ತದೆ. ನಿಮ್ಮ ಬಯೋಡೇಟಾದಲ್ಲಿ ಕಷ್ಟಜೀವಿ, ತಂಡದೊಂದಿಗೆ ಬೆರೆಯುವವನು ಎಂಬ ಸಾಲುಗಳ ಬದಲು ಯಾವ ಚೆಕ್-ಇನ್ ತಂತ್ರಾಂಶದಲ್ಲಿ ಕೆಲಸ ಮಾಡಿದ್ದೀರಿ, ಅಂತರರಾಷ್ಟ್ರೀಯ ವಿಮಾನಗಳೆಷ್ಟು ಪಾಲು, ಗೇಟ್, ಟ್ರಾನ್ಸ್‌ಫರ್, ಲಾಸ್ಟ್ ಬ್ಯಾಗೇಜ್, ಗಾಲಿಕುರ್ಚಿ ಸೇವೆ ಇವುಗಳಲ್ಲಿ ಯಾವುದನ್ನು ಮಾಡಿದ್ದೀರಿ ಎಂದು ಬರೆಯಿರಿ. ಸಾಧ್ಯವಾದರೆ ಈಗಿನ ಕಂಪನಿಯಲ್ಲೇ ಲೋಡ್ ಕಂಟ್ರೋಲ್ ವಿಭಾಗಕ್ಕೆ ಬದಲಿ ಕೇಳಿ. ವಿಮಾನದ ತೂಕ ಮತ್ತು ಸಮತೋಲನದ ಲೆಕ್ಕ ಬಲ್ಲವರು ಎಲ್ಲ ಕಡೆಯೂ ಕಡಿಮೆ, ಆ ಕೆಲಸದ ಒಂದೆರಡು ವರ್ಷ ನಿಮ್ಮ ಡಿಪ್ಲೊಮಾಕ್ಕಿಂತ ಎಷ್ಟೋ ತೂಕದ್ದು.

ಕಾಗದಪತ್ರಗಳಲ್ಲಿ ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ತಂದೆಯ ಹೆಸರೋ ಊರಿನ ಹೆಸರೋ, ಆಧಾರ್‌ನಲ್ಲಿ ಮೂರನೆಯ ರೂಪ. ಭದ್ರತಾ ಪರಿಶೀಲನೆ ಮಾಡುವವರಿಗೆ ಅವರು ಮೂರು ಜನ. ಒಂದೇ ಪದದ ಹೆಸರಿದ್ದು ಉಪನಾಮದ ಜಾಗ ಖಾಲಿ ಬಿಟ್ಟ ಪಾಸ್‌ಪೋರ್ಟಿಗೆ 2022ರ ನವೆಂಬರಿನಿಂದ ಯುಎಇ ಭೇಟಿ ವೀಸಾಗಳಲ್ಲಿ ಸಾಮಾನ್ಯವಾಗಿ ಪ್ರವೇಶವಿಲ್ಲ. ನಿಮ್ಮದು ಹಾಗಿದ್ದರೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್ ಸರಿಪಡಿಸಿಕೊಳ್ಳಿ. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಬೇಕು, ಶುಲ್ಕ 500 ರೂಪಾಯಿ. ಆಫರ್ ಬರುವ ಮೊದಲು ಮಾಡಿಸಿದರೆ ಹಳತಾಗುತ್ತದೆ. ಪದವಿ ಪ್ರಮಾಣಪತ್ರಕ್ಕೆ ಸೌದಿ, ಒಮಾನ್, ಬಹರೇನ್‌ಗಳಿಗೆ ಅಪೊಸ್ಟೀಲ್ (ನಮ್ಮ ವಿದೇಶಾಂಗ ಸಚಿವಾಲಯದ ದೃಢೀಕರಣ ಮುದ್ರೆ) ಸಾಕು. ಯುಎಇ, ಕತಾರ್, ಕುವೈತ್‌ಗಳಿಗೆ ಅವುಗಳ ರಾಯಭಾರ ಕಚೇರಿಯ ಮುದ್ರೆ ಬೇಕು.

ಎಲ್ಲಕ್ಕಿಂತ ಮುಖ್ಯ, ಐದು ವರ್ಷಗಳ ಖಾಲಿಯಿಲ್ಲದ ಲೆಕ್ಕ. ಡಿಗ್ರಿ ಮುಗಿದು ಕೆಲಸ ಸಿಗುವವರೆಗೆ ಮನೆಯಲ್ಲಿದ್ದ ತಿಂಗಳುಗಳಿಗೂ ವಿವರಣೆ ಕೇಳುತ್ತಾರೆ, ಯುರೋಪಿನ ನಿಯಮದಲ್ಲಿ ಅದು ಬರೆದಿಟ್ಟ ಮಾತು. ದೇವನಹಳ್ಳಿಯಲ್ಲಿ ಅನೇಕರು ಮ್ಯಾನ್‌ಪವರ್ ಗುತ್ತಿಗೆದಾರರ ಹೆಸರಿನಲ್ಲಿರುತ್ತಾರೆ, ಅನುಭವ ಪತ್ರವೂ ಆ ಹೆಸರಿನಲ್ಲೇ ಬರುತ್ತದೆ. ನೇಮಕಾತಿ ಪತ್ರ, ಪಿಎಫ್ ಪಾಸ್‌ಬುಕ್, ಸಂಬಳ ಜಮೆಯಾದ ಬ್ಯಾಂಕ್ ವಿವರ ಮೂರನ್ನೂ ಈಗಲೇ ಜೋಡಿಸಿಡಿ. ಮತ್ತು ನಿಮ್ಮ ಏರ್‌ಪೋರ್ಟ್ ಎಂಟ್ರಿ ಪಾಸಿನ ಫೋಟೊವನ್ನು ಯಾವ ಏಜೆಂಟರಿಗೂ ವಾಟ್ಸ್ಆ್ಯಪ್ ಮಾಡಬೇಡಿ. ದುರುಪಯೋಗವಾದರೆ ಹೋಗುವುದು ಇಲ್ಲಿನ ಕೆಲಸವೇ.

ಚಿಕ್ಕಪ್ಪನ ಮಗನ ಪಾಸ್‌ಪೋರ್ಟಿನಲ್ಲಿ ಇಸಿಆರ್ (ವಲಸೆ ತಪಾಸಣೆ ಅಗತ್ಯ) ಎಂದು ಇರುತ್ತದೆ, ಹತ್ತನೆಯ ತರಗತಿ ಪಾಸಾಗದವರಿಗೆ ಅದು ಸಾಮಾನ್ಯ. ಯುಎಇ, ಕತಾರ್, ಸೌದಿ ಮುಂತಾದ ಪಟ್ಟಿಯಲ್ಲಿರುವ ದೇಶಗಳಿಗೆ ಕೆಲಸಕ್ಕೆ ಹೋಗಲು ಅವನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ವಲಸೆ ಅನುಮತಿ ಪಡೆಯಬೇಕು, ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ವಿಮೆ ಮಾಡಿಸಬೇಕು. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಇದನ್ನು ತಲೆನೋವು ಎಂದು ಭಾವಿಸುವವರಿದ್ದಾರೆ. ನಿಜದಲ್ಲಿ ಅವನ ಕರಾರನ್ನು ಸರ್ಕಾರದ ಅಧಿಕಾರಿಯೊಬ್ಬರು ನೋಡುತ್ತಾರೆ, ಪದವೀಧರರಾದ ನಿಮ್ಮ ಕರಾರನ್ನು ಯಾರೂ ನೋಡುವುದಿಲ್ಲ. ಹಾಗಾಗಿ ನಿಮ್ಮದನ್ನು ನೀವೇ ಎರಡು ಸಲ ಓದಬೇಕು.

ಕೊನೆಯದಾಗಿ, ಕೊಟ್ಟಿರುವ 40,000. 1983ರ ವಲಸೆ ಕಾಯ್ದೆಯಂತೆ ನೋಂದಣಿ ಪ್ರಮಾಣಪತ್ರವಿಲ್ಲದೆ ಯಾರೂ ವಿದೇಶಿ ಕೆಲಸಕ್ಕೆ ಜನರನ್ನು ನೇಮಿಸುವಂತಿಲ್ಲ, ಹೋಗುವವನು ಪದವೀಧರನಾಗಿದ್ದರೂ ಸರಿ. ಇ-ಮೈಗ್ರೇಟ್ ಜಾಲತಾಣದ ಪಟ್ಟಿಯಲ್ಲಿ ನಿಮ್ಮ ಏಜೆಂಟರ ಹೆಸರು ಹುಡುಕಿ. ನೋಂದಾಯಿತರಾದರೂ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ, ರಸೀದಿ ಕೊಡಲೇಬೇಕು. 4 ಲಕ್ಷ ಕೇಳಿದ್ದೇ ಕಾನೂನಿಗೆ ವಿರುದ್ಧ. ಹಣ ವಾಪಸು ಕೇಳಿ ಲಿಖಿತವಾಗಿ ಪತ್ರ ಕೊಡಿ, ಫೋನಿನಲ್ಲಿ ಜಗಳ ಬೇಡ. ಪಾವತಿಯ ದಾಖಲೆ, ಸಂದೇಶಗಳು, ಅವರು ಕಳಿಸಿದ ಆಫರ್ ಪತ್ರ ಇವುಗಳ ಪ್ರತಿ ತೆಗೆದಿಡಿ. ಪಾಸ್‌ಪೋರ್ಟ್ ಅವರ ಬಳಿ ಇದ್ದರೆ ಮೊದಲು ಅದನ್ನು ಬಿಡಿಸಿಕೊಳ್ಳಿ, ಹಣದ ಮಾತು ಆಮೇಲೆ ತೆಗೆಯಿರಿ. ಕೊಡದಿದ್ದರೆ ನಿಮ್ಮ ಠಾಣೆಯಲ್ಲಿ ದೂರು ಕೊಟ್ಟು, ಅದರ ಪ್ರತಿಯೊಂದಿಗೆ ಇ-ಮೈಗ್ರೇಟ್‌ನಲ್ಲೂ ದೂರು ದಾಖಲಿಸಿ. ಹಣ ಆನ್‌ಲೈನಿನಲ್ಲಿ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ವಿದೇಶಾಂಗ ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090. ಆಫರ್ ಪತ್ರ ಅಸಲಿಯೇ ಎಂಬ ಸಂದೇಹವಿದ್ದರೆ ಪತ್ರದಲ್ಲಿರುವ ಫೋನಿಗೆ ಕರೆ ಮಾಡಬೇಡಿ. ಆ ಕಂಪನಿಯ ಸ್ವಂತ ಜಾಲತಾಣದಲ್ಲಿರುವ ವಿಳಾಸಕ್ಕೆ ಪತ್ರದ ಪ್ರತಿ ಕಳಿಸಿ, ಇದು ನಿಮ್ಮದೇ ಎಂದು ಕೇಳಿ.